ತೋಳು ಎಡಕ್ಕೋ ಬಲಕ್ಕೋ

ನಲವತ್ತಮೂರು ವರ್ಷ ಯಾರಿಗೂ ಬಕೆಟ್ ಹಿಡಿಯದೆ ಬಾಳಿದ ಟೈಪಿಂಗ್ ಮೇಷ್ಟ್ರು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಬಕೆಟ್ ಹಿಡಿಯುವುದನ್ನು ಕಲಿಯಲು ಹೊರಟರು. ಅದೇನು ಅಂತಿಂಥ ಬಕೆಟ್ಟಲ್ಲ. ಒಂದು ಬಾಚಿಗೆ ಹತ್ತು ಹನ್ನೆರಡು ಕೈಗಾಡಿ ಮಣ್ಣು ಎತ್ತುವ, ಐದು ಹಲ್ಲಿನ ಕಬ್ಬಿಣದ ಬಕೆಟ್ಟು. ಅದರ ಹಿಂದೆ ಇಪ್ಪತ್ತು ಟನ್ನಿನ ಎಕ್ಸ್‌ಕವೇಟರ್, ಅದರ ಹೊಟ್ಟೆಯಲ್ಲೊಂದು ಗಾಜಿನ ಗೂಡು, ಗೂಡಿನಲ್ಲಿ ದಪ್ಪ ಕನ್ನಡಕದ ನಮ್ಮ ಮೇಷ್ಟ್ರು.

ಹತ್ತೊಂಬತ್ತು ವರ್ಷ ನಡೆಸಿದ ಟೈಪಿಂಗ್ ಶಾಲೆ ಮುಚ್ಚಿ ಎರಡು ವರ್ಷವಾಗಿತ್ತು. ಕೊನೆಕೊನೆಗೆ ಶಾಲೆಗೆ ಬರುತ್ತಿದ್ದವರು ಇಬ್ಬರೇ. ಅವರಲ್ಲೂ ಒಬ್ಬರು ಬರುತ್ತಿದ್ದದ್ದು ಮಳೆ ನಿಲ್ಲುವ ತನಕ ನಿಂತು ಹೋಗಲು. ಅಂದಿನಿಂದ ಮನೆಯ ಭಾರವೆಲ್ಲ ಹೆಂಡತಿಯದು. ಆಕೆ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಒಂದಿಷ್ಟು ತಿಂದು, ಮಧ್ಯಾಹ್ನದ ಪಾಳಿಗೂ ನಿಲ್ಲುತ್ತಿದ್ದಳು. ಎರಡು ವರ್ಷದಲ್ಲಿ ಬಲ ಮೊಣಕಾಲು ಊದಿಕೊಂಡು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವಂತಾಗಿತ್ತು. "ಇನ್ನೊಬ್ಬರ ಕಾಲಿಗೆ ಪಟ್ಟಿ ಕಟ್ಟೋಳು ನಾನು, ನನ್ನ ಕಾಲು ನನಗೆ ಕಾಣಿಸಲ್ವಾ?" ಎಂದು ನಗುತ್ತಿದ್ದಳು. ಮೇಷ್ಟ್ರಿಗೆ ನಗು ಬರುತ್ತಿರಲಿಲ್ಲ. ಆ ಎರಡನೇ ಪಾಳಿ ನಿಲ್ಲಿಸಬೇಕು. ಅವರಿಗಿದ್ದ ಆಸೆ ಅದೊಂದೇ.

ಹಾಗೆ ಅವರು ಊರಾಚೆಯ ತರಬೇತಿ ಬಯಲಿಗೆ ಬಂದರು. ಅಲ್ಲಿದ್ದದ್ದು ಒಂದು ತಗಡಿನ ಶೆಡ್ಡು, ಒಂದು ಮಣ್ಣುಗುಡ್ಡೆ ಮತ್ತು ಬಣ್ಣ ಮಾಸಿದ ಒಂದು ಎಕ್ಸ್‌ಕವೇಟರ್. ಗುಡ್ಡೆಯನ್ನು ಬೆಳಿಗ್ಗೆ ಒಬ್ಬ ಅಗೆಯುತ್ತಿದ್ದ, ಸಂಜೆ ಇನ್ನೊಬ್ಬ ಕಟ್ಟುತ್ತಿದ್ದ. ಕೆಮ್ಮಿ ಕೆಮ್ಮಿ ಎದ್ದೇಳುವ ಆ ಗಾಡಿಗೆ ಕಲಿಯುವವರೆಲ್ಲ ಸೇರಿ 'ಅಜ್ಜಿ' ಎಂದು ಹೆಸರಿಟ್ಟಿದ್ದರು. ಕಲಿಸುವವರಿಗೆ ಎಲ್ಲರೂ 'ಉಸ್ತಾದ್' ಅನ್ನುತ್ತಿದ್ದರು. ಮೂವತ್ತು ವರ್ಷ ಅಜ್ಜಿಯ ಹೊಟ್ಟೆಯಲ್ಲೇ ಕೂತು ಕೂತು ಅವರ ದನಿಯೂ ಡೀಸೆಲ್ ಕುಡಿದ ಹಾಗೆ ಗೊರಗೊರ ಆಗಿತ್ತು.

"ನೋಡಿ ಮೇಷ್ಟ್ರೇ, ಇದು ಮನುಷ್ಯನ ಕೈ ಇದ್ದ ಹಾಗೆ," ಎಂದರು ಉಸ್ತಾದ್ ಮೊದಲ ದಿನ, ತಮ್ಮ ಕೈ ಚಾಚಿ. "ಭುಜದಿಂದ ಮೊಣಕೈ ತನಕ ತೋಳು. ಮೊಣಕೈಯಿಂದ ಮುಂದಕ್ಕೆ ಮುಂಗೈ. ತುದಿಯಲ್ಲಿ ಬೊಗಸೆ, ಅದೇ ಬಕೆಟ್ಟು. ಎಡ ಲಿವರ್ ಎಳೆದ್ರೆ ತೋಳು ಮೇಲೆ, ತಳ್ಳಿದ್ರೆ ಕೆಳಗೆ. ಬಲ ಲಿವರ್ ಎಳೆದ್ರೆ ಮುಂಗೈ ಒಳಗೆ, ತಳ್ಳಿದ್ರೆ ಹೊರಗೆ. ಎಡಗೈಗೆ ತೋಳು, ಬಲಗೈಗೆ ಮುಂಗೈ. ಇಷ್ಟೇ ವೇದಾಂತ. ಮಿಕ್ಕಿದ್ದೆಲ್ಲ ಮಣ್ಣು."

ಜೊತೆಗೆ ಕಲಿಯುತ್ತಿದ್ದ ಹುಡುಗರು ಲಿವರ್ ನೋಡಿ ಬಕೆಟ್ ಮರೆಯುತ್ತಿದ್ದರು, ಬಕೆಟ್ ನೋಡಿ ಲಿವರ್ ಮರೆಯುತ್ತಿದ್ದರು. ಮೇಷ್ಟ್ರು ಮಾತ್ರ ಕೈ ನೋಡುತ್ತಲೇ ಇರಲಿಲ್ಲ. ಕೈ ನೋಡಿಕೊಂಡು ಟೈಪ್ ಮಾಡಿದವರ ಬೆರಳಿಗೆ ಹತ್ತೊಂಬತ್ತು ವರ್ಷ ಅಡಿಪಟ್ಟಿಯಿಂದ ಬಡಿದವರು ಅವರು. ಬೆರಳಿಗೆ ಪಾಠ ಇಳಿಯಬೇಕಾದರೆ ತಲೆ ಅಡ್ಡ ಬರಬಾರದು ಎಂಬುದು ಅವರಿಗೆ ಕರತಲಾಮಲಕ.

ಮನೆಯಲ್ಲೂ ಅಭ್ಯಾಸ ನಡೆಯಿತು. ಕುರ್ಚಿಯ ಎರಡೂ ಕೈಗಳಿಗೆ ಒಂದೊಂದು ಸೌಟು ಕಟ್ಟಿ ಕೂರುವುದು, ಬಾಯಲ್ಲೇ ಇಂಜಿನ್ ಶುರು ಮಾಡುವುದು. ಖಾಲಿ ಓಡುವಾಗ 'ಗುರ್‌ರ್‌ರ್', ಕಲ್ಲು ತಾಗಿದಾಗ 'ಊಂ‌ಈಂ', ಅಜ್ಜಿಯ ಬೆಳಗಿನ ಕೆಮ್ಮು, ಕೊನೆಗೆ ಉಸ್ತಾದರ ಬೈಗುಳ. ಎಲ್ಲವೂ ಒಂದೇ ಗಂಟಲಿನಿಂದ. ಪಕ್ಕದ ಮನೆಯವರು ಒಂದು ದಿನ ಬಾಗಿಲು ತಟ್ಟಿ "ಮಿಕ್ಸಿ ಕೆಟ್ಟಿದೆಯಾ?" ಎಂದು ವಿಚಾರಿಸಿಕೊಂಡು ಹೋದರು.

"ಸೌಟು ಕೊಡೋ ಮಾರಾಯ," ಎನ್ನುತ್ತಿದ್ದರು ಮೇಷ್ಟ್ರ ಅಮ್ಮ. "ಒಲೆ ಮೇಲೆ ಸಾರು ಉಕ್ಕುತ್ತಿದೆ. ನಿನ್ನ ಗುಂಡಿ ಆಮೇಲೆ ತೋಡುವಿಯಂತೆ."

ಅಮ್ಮ ಪಿಸುಗುಟ್ಟಿದರೆ ಬೀದಿಗೆ ಕೇಳಿಸುತ್ತದೆ, ಮಾತಾಡಿದರೆ ಊರಿಗೆ.

ಆರು ತಿಂಗಳಾದ ಮೇಲೆ ಪರೀಕ್ಷೆ. ಬಕೆಟ್ಟಿನ ತುಂಬ ನೀರು ತುಂಬಿ, ಗಾಡಿಯನ್ನು ಅರ್ಧ ಸುತ್ತು ತಿರುಗಿಸಿ, ನೆಲಕ್ಕೆ ಇಳಿಸಬೇಕು. ಚೆಲ್ಲಿದಷ್ಟು ಅಂಕ ಖೋತಾ. ಹುಡುಗರು ಬಯಲನ್ನೇ ತೊಳೆದರು. ಮೇಷ್ಟ್ರ ತುಂಬಿದ ಬಕೆಟ್ ತುಳುಕಲಿಲ್ಲ. ಉಸ್ತಾದ್ ಕೈ ಕುಲುಕಿ, "ಮೂವತ್ತು ವರ್ಷದಲ್ಲಿ ಇಂಥ ಕೈ ನೋಡಿಲ್ಲ," ಎಂದರು. ಮೇಷ್ಟ್ರು ಸರ್ಟಿಫಿಕೇಟನ್ನು ಮಡಿಸದೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದರು.

ಆಮೇಲೆ ಶುರುವಾಯಿತು ನಿಜವಾದ ಅಗೆತ, ಕೆಲಸ ಹುಡುಕುವುದು.

"ಅನುಭವ ಎಷ್ಟು?" ಎಂದ ಮೊದಲನೇ ಸೈಟಿನವನು.

"ಹತ್ತೊಂಬತ್ತು ವರ್ಷ."

"ಆಹಾ! ಯಾವ ಮೆಷಿನ್ನು?"

"ಟೈಪ್‌ರೈಟರು."

ಅವನು ನಕ್ಕ ನಗುವನ್ನು ಮೇಷ್ಟ್ರು ಮನೆಗೆ ಬಂದು ಹೆಂಡತಿಗೆ ಯಥಾವತ್ತಾಗಿ ನಕ್ಕು ತೋರಿಸಿದರು. ಎರಡನೆಯವನು ಕೆಮ್ಮಿದ, ಅದನ್ನೂ ತೋರಿಸಿದರು. ಹೀಗೆ ಏಳು ಸೈಟು. ಏಳನೆಯವನು ಕನ್ನಡಕ ನೋಡಿ ತಲೆ ಅಡ್ಡಡ್ಡ ಆಡಿಸಿದ. ಅದನ್ನು ಮಾತ್ರ ಮೇಷ್ಟ್ರು ಮಾಡಿ ತೋರಿಸಲಿಲ್ಲ.

ಎಂಟನೆಯದು ಕುಡಿಯುವ ನೀರಿನ ಪೈಪ್ ಹಾಕುವ ಸೈಟು. ಮೇಲ್ವಿಚಾರಣೆ ನೋಡುತ್ತಿದ್ದ ಹೆಂಗಸಿಗೆ 'ಕೊಡೆ ಮೇಡಂ' ಎಂದೇ ಹೆಸರು. ಬಿಸಿಲಿರಲಿ, ಮೋಡವಿರಲಿ, ಕೈಯಲ್ಲೊಂದು ಕಪ್ಪು ಕೊಡೆ. ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅದರ ತುದಿಯಿಂದಲೇ ಬಾ, ಹೋಗು, ಅಗೆ, ನಿಲ್ಲು ಎಲ್ಲ.

"ಟೈಪಿಂಗ್ ಮೇಷ್ಟ್ರಾ?" ಆಕೆ ನಗಲಿಲ್ಲ. "ನನಗೂ ಒಬ್ಬರು ಕಲಿಸಿದ್ರು. ಬೆರಳಿಗೆ ಹೊಡೀತಿದ್ರು. ನಾಳಿದ್ದು ಬನ್ನಿ, ಕೈ ನೋಡೋಣ. ಕೈ ಸರಿ ಇದ್ರೆ ಒಂದನೇ ತಾರೀಖಿಂದ ಕೆಲಸ."

ಮೇಷ್ಟ್ರು ಅಂದು ಬೀಗಿ ಮನೆಗೆ ಬಂದವರೇ ಹೆಂಡತಿಗೆ "ಆದ ಹಾಗೇ ಅನ್ಕೋ. ಕೈ ನೋಡ್ತಾರಂತೆ, ಅಷ್ಟೇ. ನನ್ನ ಕೈ ನಿನಗೆ ಗೊತ್ತಲ್ಲ!" ಎಂದುಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅನ್ನುತ್ತಾರಲ್ಲ, ಹಾಗೆ.

ಪರೀಕ್ಷೆಯ ದಿನ ಅವರನ್ನು ಕೂರಿಸಿದ್ದು ಹೊಚ್ಚಹೊಸ ಗಾಡಿಯಲ್ಲಿ. ಮೆತ್ತನೆಯ ಸೀಟು, ತಣ್ಣನೆಯ ಗಾಳಿ. ಅಜ್ಜಿಯ ಕೆಮ್ಮಿಲ್ಲ, ಕ್ಯಾಕರಿಕೆಯಿಲ್ಲ. ಎದುರಿಗೆ ಸರ್ವೇಯರ್ ಬೆಳಿಗ್ಗೆಯಿಂದ ಅಳೆದು ಅಳೆದು ಹೊಡೆದ ಹನ್ನೊಂದು ಮರದ ಗೂಟಗಳು, ಗೂಟದಿಂದ ಗೂಟಕ್ಕೆ ಬಿಳಿ ದಾರ. ಬಕೆಟ್ಟು ಗೂಟಗಳ ಆಚೆ ನೆಲದ ಮೇಲೆ ಕೂತಿತ್ತು. ತೋಳು ಮೇಲೆತ್ತಿ, ದಾರ ದಾಟಿಸಿ, ಈಚೆ ಅಗೆಯಬೇಕು.

ಮೇಷ್ಟ್ರು ಎಡಗೈ ಲಿವರ್ ಎಳೆದರು.

ತೋಳು ಏಳಲಿಲ್ಲ. ಮುಂಗೈ ಒಳಕ್ಕೆ ಮಡಚಿಕೊಂಡಿತು. ಬಕೆಟ್ಟು ನೆಲ ಕೆರೆಯುತ್ತ ಗೂಟಗಳ ಕಡೆ ಬಂತು. 'ಮೇಲೆ, ಮೇಲೆ!' ಎಂದು ಮೇಷ್ಟ್ರ ಜೀವ ಕೂಗಿತು, ಎಡಗೈ ಇನ್ನಷ್ಟು ಎಳೆಯಿತು. ಬಕೆಟ್ಟು ಇನ್ನಷ್ಟು ಜೋರಾಗಿ ಬಂತು. ಹನ್ನೊಂದು ಗೂಟಗಳೂ ದಾರಸಮೇತ, ಕೈ ಕೈ ಹಿಡಿದು ಹೊರಟ ಶಾಲೆಯ ಮಕ್ಕಳ ಹಾಗೆ, ಸಾಲಾಗಿ ಗಾಡಿಯ ಕಡೆ ನಡೆದು ಬಂದವು.

"ಅಯ್ಯೋ, ನನ್ನ ಗೂಟ!" ಸರ್ವೇಯರ್ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದ.

ಕೊಡೆ ನೆಲ ತೋರಿಸಿತು. "ಇಳೀರಿ."

"ಮೇಡಂ, ಇದು ಏನೋ ಉಲ್ಟಾ..."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಇಳೀರಿ ಮೇಷ್ಟ್ರೇ."

ಮನೆಗೆ ಬಂದಾಗ ಹೆಂಡತಿ ಎಂದೂ ಇಲ್ಲದ ಉತ್ಸಾಹದಲ್ಲಿದ್ದಳು. "ರೀ, ಇವತ್ತು ಹೆಡ್ ನರ್ಸ್‌ಗೆ ಹೇಳಿಬಿಟ್ಟೆ. ಒಂದನೇ ತಾರೀಖಿಂದ ಎರಡನೇ ಪಾಳಿಗೆ ನಾನಿಲ್ಲ ಅಂತ. ಆ ಪಾಳಿಗೆ ಬೇರೆಯವರ ಹೆಸರೂ ಬರೆದಾಯ್ತು. ನಿಮ್ಮದೇನಾಯ್ತು?"

ಮೇಷ್ಟ್ರು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ಕಳೆದರು. "ನೋಡಿ ಹೇಳ್ತಾರಂತೆ," ಎಂದರು.

ಮರುದಿನ ಬೆಳಿಗ್ಗೆಯೇ ಉಸ್ತಾದರ ಬಯಲಿಗೆ ಹೋದರು. ಕಥೆ ಕೇಳಿ ಉಸ್ತಾದ್ ಹೊಟ್ಟೆ ಹಿಡಿದು ನಕ್ಕರು. ಗೂಟಗಳ ಮೆರವಣಿಗೆಯನ್ನು ಎರಡೆರಡು ಸಲ ಮಾಡಿಸಿ ನೋಡಿದರು. ಮೂರನೇ ಸಲ ನಡುವೆಯೇ ಅವರ ನಗು ನಿಂತಿತು.

"ಮೇಷ್ಟ್ರೇ, ಎಡ ಲಿವರ್ ಎಳೆದಾಗ ಮುಂಗೈ ಬಂತಾ?"

"ಬಂತು."

ಉಸ್ತಾದ್ ಅಜ್ಜಿಯ ಚಕ್ರಕ್ಕೆ ಸುತ್ತಿದ ಕಬ್ಬಿಣದ ಪಟ್ಟಿಯ ಮೇಲೆ ಕುಸಿದು ಕೂತರು. "ಗಾಡಿಗಳಲ್ಲಿ ಎರಡು ಪಂಗಡ. ಒಂದರಲ್ಲಿ ತೋಳು ಎಡಗೈಗೆ, ಇನ್ನೊಂದರಲ್ಲಿ ಬಲಗೈಗೆ. ಈಗ ಬರೋವು ಹೆಚ್ಚಿನವು ಬಲಗೈಯವು. ನಮ್ಮ ಅಜ್ಜಿ ಹಳಬಳು, ಎಡಗೈಯವಳು."

"ಆರು ತಿಂಗಳಲ್ಲಿ ಒಂದ್ಸಲಾನೂ ಹೇಳಲಿಲ್ಲವಲ್ಲ ಉಸ್ತಾದ್!"

"ಮೂವತ್ತು ವರ್ಷ ಇದರಲ್ಲೇ ಕೂತವನು ನಾನು. ಉಸಿರಾಡೋದನ್ನ ಯಾರಾದ್ರೂ ಪಾಠ ಮಾಡ್ತಾರಾ?" ಗೊರಗೊರ ದನಿ ಇನ್ನೂ ತಗ್ಗಿಸಿ ಹೇಳಿದರು: "ಹೋದ ವರ್ಷ ಒಬ್ಬ ಹೀಗೇ ವಾಪಸ್ ಬಂದಿದ್ದ. ಲಿವರ್ ಮಾತು ಕೇಳಲಿಲ್ಲ ಉಸ್ತಾದ್, ಹೆದರಿಕೊಂಡೆ ಅಂದ. ಹೇಡಿ ಅಂತ ಬೈದು ಕಳಿಸಿದೆ. ಈಗ ಎಲ್ಲಿದ್ದಾನೋ ಏನೋ."

ಎದ್ದವರೇ ಸ್ಪ್ಯಾನರ್ ಹುಡುಕಿದರು. ಅಜ್ಜಿಯ ಹೊಟ್ಟೆಯ ಕೆಳಗೆ ಮಲಗಿ, ಎಣ್ಣೆ ಹರಿಯುವ ಪೈಪುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಮುಖವೆಲ್ಲ ಎಣ್ಣೆ. "ಈಗ ಅಜ್ಜಿ ಹೊಸ ಗಾಡಿ ಆದಳು. ಮೊದಲು ನಾನು ನೋಡ್ತೀನಿ, ಸರಿಯಿರಿ," ಎಂದು ಹತ್ತಿ ಕೂತು, ರಾಜಗಾಂಭೀರ್ಯದಿಂದ ತೋಳು ಎತ್ತಲು ಎಡಗೈ ಎಳೆದರು.

ತಗಡಿನ ಶೆಡ್ಡಿನ ಒಂದು ಮೂಲೆ ಢಣಾರ್ ಎಂದು ಒಳಕ್ಕೆ ಹೋಯಿತು.

ಉಸ್ತಾದ್ ನಿಧಾನವಾಗಿ ಇಳಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೂವತ್ತು ವರ್ಷದ ಕೈಗೇ ಹೀಗಾಯಿತಲ್ಲ ಎಂದು ಮೇಷ್ಟ್ರ ಎದೆಯ ಮೇಲಿನ ಕಲ್ಲು ಇಳಿಯಿತು. ನಗು ಆಮೇಲೆ ಬಂತು.

ಇನ್ನು ಪಾಠ ಹೇಳುವ ಸರದಿ ಮೇಷ್ಟ್ರದು. ಅವರ ಶಾಲೆಯಲ್ಲಿ ಎರಡು ಭಾಷೆಯ ಕೀಲಿಮಣೆಗಳಿದ್ದವು. ಒಂದರಿಂದ ಎದ್ದು ಇನ್ನೊಂದಕ್ಕೆ ಹೋಗುವ ವಿದ್ಯಾರ್ಥಿಗೆ ಅವರದೊಂದು ಕಟ್ಟಳೆ ಇತ್ತು: ಮೊದಲು ಎರಡೂ ಕೈ ತೊಡೆಯ ಮೇಲೆ, ಮೂರು ಉಸಿರು, ಆಮೇಲೆ ಒಂದೊಂದೇ ಬೆರಳನ್ನು ಎಬ್ಬಿಸಿ ಕೇಳಬೇಕು, 'ನೀನೀಗ ಯಾವ ಮನೆಯಲ್ಲಿದ್ದೀಯಪ್ಪ?' ಹಳೆಯದನ್ನು ಮರೆಯಬೇಕಾಗಿಲ್ಲ, ಯಾವ ಮನೆ ಅಂತ ಗೊತ್ತಿದ್ದರೆ ಸಾಕು. ಅದನ್ನೇ ಈಗ ತಮಗೂ ಉಸ್ತಾದರಿಗೂ ಹೇಳಿಕೊಂಡರು. ಒಂದು ದಿನ ಪೈಪು ಹೀಗೆ, ಮರುದಿನ ಹಾಗೆ. ಉಸ್ತಾದ್ ನಾಲ್ಕನೇ ದಿನಕ್ಕೆ ಕೈಮುಗಿದರು, "ನನಗೆ ಬೇಡ ಸ್ವಾಮಿ, ಹೊಸ ಹುಡುಗರಿಗೆ ಹೇಳಿಕೊಡಿ." ಮೇಷ್ಟ್ರು ಬಿಡಲಿಲ್ಲ.

ಮನೆಯಲ್ಲಿ ಸೌಟುಗಳ ಅಭ್ಯಾಸ ಬದಲಾದದ್ದು ಹೆಂಡತಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದಳು.

"ಆರು ತಿಂಗಳು ಎಡಗೈ ಎಳೆದಾಗ ನಿಮ್ಮ ಕತ್ತು ಮೇಲೆ ಹೋಗ್ತಿತ್ತು. ಈಗ ಬಲಗೈ ಎಳೆದಾಗ ಹೋಗ್ತಿದೆ. ಏನ್ರೀ ಸಮಾಚಾರ?"

ಮೇಷ್ಟ್ರು ಇಂಜಿನ್ ಆರಿಸಿದರು. ಎಲ್ಲ ಹೇಳಿದರು, ಈ ಸಲ ಯಾರ ದನಿಯನ್ನೂ ಮಾಡಲಿಲ್ಲ, ತಮ್ಮ ದನಿಯಲ್ಲೇ.

ಆಕೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೊಣಕಾಲು ಹಿಡಿದು ಮಂಚದ ತುದಿಗೆ ಕೂತಳು. "ರೋಗಿಗಳು ಹೀಗೇ ಮಾಡ್ತಾರೆ, ನೋವಿಲ್ಲ ಅಂತಾರೆ. ನೀವಾದ್ರೂ ಬಾಯಿಬಿಡ್ತೀರಿ ಅಂತ ತಿಳಿದಿದ್ದೆ."

"ನೀನು ಪಾಳಿ ಬಿಟ್ಟೆ ಅಂದೆಯಲ್ಲ... ಅಷ್ಟು ಖುಷಿಯಾಗಿದ್ದೆ."

"ಮೂವತ್ತನೇ ತಾರೀಖಿನ ತನಕ ಸುಮ್ಮನಿರ್ತೀನಿ. ಅಷ್ಟರಲ್ಲಿ ಏನೂ ಆಗಲಿಲ್ಲ ಅಂದ್ರೆ ಹೆಡ್ ನರ್ಸ್ ಹತ್ರ ನಾನೇ ಹೋಗಿ ವಾಪಸ್ ಕೇಳ್ತೀನಿ. ನಿಮ್ಮ ಮೇಲೆ ಕೋಪ ಇಲ್ಲ. ಹೋಗಿ, ಆ ಮೇಡಂ ಹತ್ರ ಇನ್ನೊಂದ್ಸಲ ಕೇಳಿ."

"ಹನ್ನೊಂದು ಗೂಟ ಕಿತ್ತವನು ಯಾವ ಮುಖ ಇಟ್ಕೊಂಡು..."

"ಇರೋದೊಂದೇ ಮುಖ ಅಲ್ವಾ? ಅದನ್ನೇ ಇಟ್ಕೊಂಡು ಹೋಗಿ."

ಇಪ್ಪತ್ತೆಂಟನೇ ತಾರೀಖು ಮೇಷ್ಟ್ರು ಸೈಟಿಗೆ ಹೋದರು. ದೂರದಿಂದಲೇ ಅವರನ್ನು ಕಂಡ ಸರ್ವೇಯರ್ ಅಂದು ಹೊಡೆದ ಗೂಟಗಳನ್ನೆಲ್ಲ ಕಿತ್ತು ಎದೆಗವಚಿಕೊಂಡ.

"ಆ ಕೆಲಸ ತುಂಬಿ ಆಯ್ತು ಮೇಷ್ಟ್ರೇ," ಎಂದರು ಕೊಡೆ ಮೇಡಂ. ಕೊಡೆಯ ತುದಿ ಹೊಸ ಗಾಡಿಯನ್ನೂ, ಅದರ ನೆರಳಲ್ಲಿ ಕೂತಿದ್ದ ಹೊಸ ಆಪರೇಟರನ್ನೂ ತೋರಿಸಿತು.

ಮೇಷ್ಟ್ರು ಹೊರಡಲು ತಿರುಗಿದರು. ಆದರೂ ಹೇಳಲು ಬಂದದ್ದನ್ನು ಹೇಳಿ ಹೋಗೋಣವೆಂದು, ಅಂದು ಏನಾಯಿತು, ಯಾಕಾಯಿತು, ತೋಳು ಯಾವ ಕೈಗೆ, ಮುಂಗೈ ಯಾವ ಕೈಗೆ, ಎಲ್ಲ ಒಪ್ಪಿಸಿದರು. ಮೇಡಂ ಕೇಳುತ್ತ ಕೇಳುತ್ತ ಬೇರೆ ಕಡೆ ತಿರುಗಿದರು. ಪೈಪಿಗೆಂದು ತೋಡುತ್ತಿದ್ದ ಕಾಲುವೆಯ ಆ ತುದಿಯಲ್ಲಿ ಇನ್ನೊಂದು ಗಾಡಿ ಸುಮ್ಮನೆ ನಿಂತಿತ್ತು. ಹಳೆಯದು, ಅಜ್ಜಿಯ ತಂಗಿಯಂಥದು.

"ಅದರ ಆಪರೇಟರು ಹಲ್ಲುನೋವು ಅಂತ ಎರಡು ದಿನದಿಂದ ಬಂದಿಲ್ಲ. ಇವನಿಗೆ ಹತ್ತು ಅಂದ್ರೆ ಹತ್ತಲ್ಲ," ಎಂದರು.

"ಅದು ಎಡಚ ಗಾಡಿ ಮೇಡಂ," ಎಂದ ನೆರಳಲ್ಲಿದ್ದವನು. "ಅದನ್ನ ಓಡಿಸಿದ್ರೆ ನನ್ನ ಕೈ ಕೆಡುತ್ತೆ."

ಕೊಡೆ ಮೇಷ್ಟ್ರ ಎದೆಗೆ ಗುರಿಯಿಟ್ಟಿತು. "ಇಲ್ಲಿ ಕೆಳಗೆ ಹಳೇ ನೀರಿನ ಪೈಪ್ ಇದೆ. ನಾಲ್ಕು ಬೀದಿಗೆ ಅದರಿಂದಲೇ ನೀರು. ಒಂದು ಗೀರೂ ಬೀಳದ ಹಾಗೆ ಅದರ ಮೇಲಿನ ಮಣ್ಣು ತೆಗೀಬೇಕು. ಅರ್ಧ ಆ ಗಾಡಿಯಲ್ಲಿ, ಮಿಕ್ಕರ್ಧ ಈ ಗಾಡಿಯಲ್ಲಿ. ಆಗುತ್ತಾ?"

ಹಳೆಯ ಗಾಡಿಯಲ್ಲಿ ತೊಂದರೆಯಾಗಲಿಲ್ಲ. ಮೇಲಿನ ಮಣ್ಣನ್ನು ಪದರ ಪದರವಾಗಿ, ಕೆನೆ ತೆಗೆದ ಹಾಗೆ ತೆಗೆದಿಟ್ಟರು. ಇಳಿದು ಹೊಸ ಗಾಡಿ ಹತ್ತಿದರು. ಕೈ ತೊಡೆಯ ಮೇಲೆ. ಮೂರು ಉಸಿರು. ಆಮೇಲೆ ಒಂದೊಂದೇ ಲಿವರನ್ನು ಗೇಣುದ್ದ ಆಡಿಸಿ, ಖಾಲಿ ಗಾಳಿಯಲ್ಲಿ ತೋಳೆತ್ತಿ ಇಳಿಸಿ ನೋಡಿದರು. "ಮಣ್ಣು ಕೆಳಗಿದೆ ಮೇಷ್ಟ್ರೇ, ಆಕಾಶ ಅಗೀತಿದ್ದೀರಿ!" ಎಂದು ಆಪರೇಟರು ಕೂಗಿದ. ಮೇಷ್ಟ್ರು ಇನ್ನೊಂದು ಸಲ ಎತ್ತಿ ಇಳಿಸಿದರು.

ಅಗೆತ ಶುರುವಾಯಿತು. ಒಂದು ಗೇಣು, ಅರ್ಧ ಗೇಣು. ಪೈಪಿನ ಬೆನ್ನು ಕಪ್ಪಗೆ ಕಂಡಿತು. ಬಕೆಟ್ಟಿನ ಹಲ್ಲಿಗೂ ಪೈಪಿಗೂ ನಾಲ್ಕು ಬೆರಳಿನ ಅಂತರವಿದ್ದಾಗ ಪಕ್ಕದ ಕಲ್ಲೊಂದು ಸಡಿಲಿ ಜಾರಿತು, ಬಕೆಟ್ಟು ವಾಲಿತು. 'ಎತ್ತು!' ಎಂದಿತು ಆರು ತಿಂಗಳ ಹಳೆಯ ಎಡಗೈ. ಲಿವರ್ ಹಿಡಿದ ಬೆರಳುಗಳು ಬಿಗಿದವು.

ಮೇಷ್ಟ್ರು ಎರಡೂ ಕೈ ಬಿಟ್ಟರು.

ಕೈಬಿಟ್ಟರೆ ಲಿವರ್ ತಾನಾಗಿ ನಡುವಿಗೆ ಬರುತ್ತದೆ, ಗಾಡಿ ಇದ್ದಲ್ಲೇ ಕಲ್ಲಾಗುತ್ತದೆ. ಬಕೆಟ್ಟು ಪೈಪಿನ ಮೇಲೆ ತೂಗಿ ನಿಂತಿತು. ಮೇಷ್ಟ್ರು ಮತ್ತೆ ಮೂರು ಉಸಿರು ಎಳೆದುಕೊಂಡು, ಬಲಗೈಯಿಂದ ತೋಳನ್ನು ಮೆಲ್ಲಗೆ ಎತ್ತಿದರು. ಕಲ್ಲು ಬಕೆಟ್ಟಿನೊಳಗೆ ಕೂತು ಮೇಲೆ ಬಂತು. ಪೈಪು ಹಾಗೇ ಇತ್ತು, ಮೈಮೇಲೊಂದು ಗೀರಿಲ್ಲದೆ.

ಇಳಿದಾಗ ಅವರ ಅಂಗಿ ಬೆನ್ನಿಗಂಟಿತ್ತು.

"ಅವತ್ತು ಯಾಕೆ ಕೈ ಬಿಡಲಿಲ್ಲ?" ಎಂದರು ಕೊಡೆ ಮೇಡಂ.

"ಅವತ್ತು ನನಗೆ ಕೆಲಸ ಬೇಕಿತ್ತು ಮೇಡಂ."

"ಇವತ್ತು ಬೇಡ್ವಾ?"

"ಬೇಕು. ಆದ್ರೆ ಆ ಹೊತ್ತಲ್ಲಿ ಪೈಪ್ ಒಂದೇ ಕಣ್ಣಲ್ಲಿತ್ತು."

ಮೇಡಂ ಗುಂಡಿಯೊಳಗೆ ಬಗ್ಗಿ ಪೈಪನ್ನು ಕೈಯಾರೆ ಸವರಿ ನೋಡಿದರು. "ನಮ್ಮದು ಐದು ಸೈಟು, ಒಂಬತ್ತು ಗಾಡಿ. ನಾಲ್ಕು ಎಡಚ, ಐದು ಬಲಚ. ದಿನಾ ಒಂದಲ್ಲ ಒಂದು ನಿಂತಿರುತ್ತೆ, ಪಕ್ಕದವನು ಹತ್ತಲ್ಲ. ನನಗೆ ಒಬ್ಬ ಖಾಯಂ ಬದಲಿ ಆಪರೇಟರ್ ಬೇಕು. ಯಾರು ಬರಲಿಲ್ವೋ ಅವರ ಸೀಟು ನಿಮ್ಮದು. ನಿಮ್ಮದು ಅಂತ ಒಂದು ಗಾಡಿ ಇರಲ್ಲ. ಒಪ್ಪಿಗೆನಾ?"

ಮೇಷ್ಟ್ರು ತಲೆಯಾಡಿಸಿ ಒಪ್ಪಿದರು.

ಒಂದನೇ ತಾರೀಖು ಅವರು ಮೊದಲ ದಿನದ ಕೆಲಸ ಮುಗಿಸಿ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೊಟ್ಟೆಯೊಳಗೆ ಒಂದು ದಿನದ ಕಥೆ ಗುಡುಗುಡು ಅನ್ನುತ್ತಿತ್ತು. ಬಾಗಿಲಿಗೆ ಬರುವ ಮುಂಚೆಯೇ ಬಾಯಿ ತೆರೆದರು.

"ಶ್!" ಎಂದರು ಜಗಲಿಯಲ್ಲಿ ಕೂತಿದ್ದ ಅಮ್ಮ, ಬೀದಿಗೆಲ್ಲ ಕೇಳುವ ಹಾಗೆ. "ಮಲಗಿದ್ದಾಳೆ ಕಣೋ. ಮೂರು ಗಂಟೆಗೆ ಬಂದವಳು ಕಾಲು ಚಾಚಿ ಮಲಗಿದ್ದಾಳೆ."

ಮೇಷ್ಟ್ರು ಕೆಸರಿನ ಬೂಟುಗಳನ್ನು ಹೊರಗೇ ಬಿಚ್ಚಿ, ಬರಿಗಾಲಲ್ಲಿ ಒಳಗೆ ಇಣುಕಿದರು. ಮಂಚದ ಮೇಲೆ ಹೆಂಡತಿ, ದಿಂಬಿನ ಮೇಲೆ ಬಲಗಾಲು. ಎರಡು ವರ್ಷದಲ್ಲಿ ಈ ಹೊತ್ತಿಗೆ ಆಕೆಯನ್ನು ಆ ಮಂಚದ ಮೇಲೆ ಅವರು ನೋಡಿರಲಿಲ್ಲ. ಮೆಲ್ಲಗೆ ಹಿಂದೆ ಸರಿದು ಅಮ್ಮನ ಪಕ್ಕ ಬಂದು ಕೂತರು.

"ನಾಳೆ ಕೆಲಸ ಇದೆಯಾ?" ಅಮ್ಮನ ಪಿಸುಮಾತು.

"ಯಾರಾದ್ರೂ ಬರದೆ ಇದ್ರೆ ಅವರ ಗಾಡಿ ನನಗೆ."

"ಎಲ್ಲರೂ ಬಂದುಬಿಟ್ರೆ?"

"ಆಗ ಗಾಡಿಗೆಲ್ಲ ಗ್ರೀಸ್ ಹಚ್ಚೋ ಕೆಲಸವಂತೆ. ಆದ್ರೆ ಒಂಬತ್ತು ಜನ ಆಪರೇಟರುಗಳು ಅಮ್ಮಾ. ದಿನಕ್ಕೊಬ್ಬರಿಗಾದ್ರೂ ನೆಗಡಿಯೋ ಜ್ವರವೋ ಬರದೆ ಇರುತ್ತಾ?"

"ರೀ," ಎಂದಿತು ಒಳಗಿನಿಂದ ನಿದ್ದೆಗಣ್ಣಿನ ದನಿ. "ನಾನು ನರ್ಸು. ಮನೆಯಲ್ಲಿ ಕೂತು ಊರವರಿಗೆ ಜ್ವರ ಬರಲಿ ಅಂತ ಬೇಡ್ಕೋಬೇಡಿ. ಒಳಗೆ ಬಂದು, ಏನಾಯ್ತು ಅಂತ ಮೊದಲಿಂದ ಹೇಳಿ."